ನಗುವಿಗೆ ಕೀಲಿಯಿರಲಿಲ್ಲ

ಹನ್ನೊಂದು ವರ್ಷದ ಕೆಳಗೆ
ಈ ಕೋಣೆಯಲ್ಲಿ ಆಡಿದ ಮಾತೆಲ್ಲ
ನನ್ನ ಹತ್ತು ಬೆರಳು ದಾಟಿಯೇ ಕಾಗದಕ್ಕೆ ಹೋದದ್ದು.
ನಾನು ಕೋರ್ಟಿನ ಸ್ಟೆನೊ. ನನಗೆ ಅಭಿಪ್ರಾಯವಿಲ್ಲ.
ಸಂಬಳ ಕೊಡುವುದೇ ಅದಕ್ಕೆ.

"ಪಿಸ್ತೂಲು ಕಾಲುವೆಗೆ ಬಿತ್ತು" ಎಂದ ಎಲಿಸೆಯೊ ಬಾಕಾ,
ರಾತ್ರಿಪಾಳಿಯ ಡೆಪ್ಯುಟಿ, ಸಮವಸ್ತ್ರ ಕಳಚಿದ ಮೇಲೆ
ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತವನು.
"ಹುಡುಗ ಗುರಿ ಹಿಡಿದ. ನಾನು ಹೊಡೆದೆ.
ಅವನು ಸೇತುವೆಯ ಮೇಲೆ ಬಿದ್ದ, ಅದು ನೀರಿಗೆ."
ಮುಳುಗುಗಾರರು ಎರಡು ದಿನ ತಡಕಿ ತಂದದ್ದು
ಒಂದು ಸೈಕಲ್ ಚಕ್ರ, ಒಂದು ಮೇಕೆಯ ಬುರುಡೆ.
"ನೀರು ನುಂಗಿತೇನು, ಡೆಪ್ಯುಟಿ?"
ಸರ್ಕಾರಿ ವಕೀಲ ಕೇಳಿದಾಗ
ಹನ್ನೆರಡು ಜ್ಯೂರಿಗಳಲ್ಲಿ ಏಳು ಮಂದಿ ನಕ್ಕರು.
ಎಣಿಸಿದ್ದೆ.
ನಗುವಿಗೆ ನನ್ನ ಯಂತ್ರದಲ್ಲಿ ಕೀಲಿಯಿರಲಿಲ್ಲ.
ಕಡತದಲ್ಲಿ ಆ ಪ್ರಶ್ನೆಯಿದೆ, ಕೆಳಗೆ "ಉತ್ತರವಿಲ್ಲ" ಎಂದಿದೆ.
ಮೇಲಿನ ಕೋರ್ಟಿನ ಮೂವರು ಓದಿದ್ದು
ಆ ಉತ್ತರವಿಲ್ಲವನ್ನೇ.

ಅವನ ಅಕ್ಕ ರಮೋನಾ
ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ
ಬಿಸಿ ಡ್ರೈಯರಿನ ಮೇಲೆ ಮನವಿ ಹರಡಿ ರುಜು ಕೇಳುತ್ತಿದ್ದಳು.
ಹಾಳೆಗೆ ಸೋಪಿನ ವಾಸನೆ.
"ಪೊಲೀಸನಿಗೆ ನ್ಯಾಯವಾ?" ಎಂದ ಮುದುಕ ಮಾರ್ಸೆಲಿನೊ,
"ಅವರು ನನ್ನ ತಮ್ಮನಿಗೆ ಅಳೆದು ಕೊಟ್ಟದ್ದು
ಲಾಠಿಯಲ್ಲಿ." ಅದೂ ಸುಳ್ಳಲ್ಲ.
ರಮೋನಾ ಮಾತಿಗೆ ಮಾತು ಬೆಳೆಸಲಿಲ್ಲ.
ಅವನ ಅಂಗಿಗಳನ್ನು ಮಡಚಿಕೊಟ್ಟಳು.

ಅತ್ತ ಜೈಲಿನಲ್ಲಿ, ತಾನೇ ಕೋಳ ತೊಡಿಸಿದವರ ನಡುವೆ
ಬಿಟ್ಟರೆ ಉಳಿಯನೆಂದು
ಎಲಿಸೆಯೊನನ್ನು ಒಂಟಿ ಕೋಣೆಯಲ್ಲಿಟ್ಟಿದ್ದಾರೆ,
ರಕ್ಷಣೆಗಾಗಿಯಂತೆ, ದಿನಕ್ಕೆ ಇಪ್ಪತ್ತಮೂರು ಗಂಟೆ.

ಮಾರ್ಚಿಯಲ್ಲಿ ನಮ್ಮ ನ್ಯೂ ಮೆಕ್ಸಿಕೊದ ಈ ಮೂಲೆಯಲ್ಲಿ
ಮನೆಗೊಬ್ಬರಂತೆ ಸಲಿಕೆ ಹಿಡಿದು
ಊರ ಕಾಲುವೆಯ ಹೂಳೆತ್ತುತ್ತಾರೆ.
ಸೇತುವೆಯಿಂದ ಮುನ್ನೂರು ಮಾರು ಕೆಳಗೆ
ವಿಲೋ ಮರದ ಬೇರು ಏನನ್ನೋ ಮುಷ್ಟಿಯಲ್ಲಿ ಹಿಡಿದಿತ್ತು.
ಬಿಡಿಸಿದವನು ಮಾರ್ಸೆಲಿನೊ.
ಬಿಡಿಸಿ, ಟೋಪಿ ತೆಗೆದು, ಬಹಳ ಹೊತ್ತು
ಕೆಸರಿನಲ್ಲೇ ನಿಂತಿದ್ದ.

ಸರ್ಕಾರ ಹೇಳಿತು: ತುಕ್ಕಿಗೆ ತಾರೀಖಿಲ್ಲ.
ಯಾರದೋ, ಯಾವ ರಾತ್ರಿಯದೋ. ಗಡುವೂ ಮುಗಿದಿದೆ.
ಹಾವು ಸಾಯದ, ಕೋಲು ಮುರಿಯದ ನಾಲ್ಕು ಪುಟ.
ಅವನ್ನೂ ನಾನೇ ಟೈಪು ಮಾಡಿದೆ.

ಆಮೇಲೊಂದು ಗುರುವಾರ
ಸತ್ತ ಹುಡುಗನ ತಾಯಿ ಓರಾಲಿಯಾ
ಒಂದು ಚೀಲ ಬಟ್ಟೆ ಹೊತ್ತು ಅಂಗಡಿಗೆ ಬಂದಳು.
ಹನ್ನೊಂದು ವರ್ಷ ಈ ಬೀದಿಯನ್ನೇ ತುಳಿಯದವಳು.
ಯಂತ್ರ ತಿರುಗುವುದನ್ನು ನೋಡುತ್ತಾ, ಯಾರಿಗೂ ಅಲ್ಲದ ಹಾಗೆ,
"ಹಿಡಿಯ ಮೇಲೆ ಮುತ್ತಿನ ಚಿಪ್ಪು, ಒಂದು ಚೂರು ಹಾರಿರಬೇಕು.
ನನ್ನ ಮಾವನದು. ಆ ರಾತ್ರಿ ಡ್ರಾಯರು ಖಾಲಿಯಿತ್ತು.
ಯಾರೂ ನನ್ನನ್ನು ಕೇಳಲಿಲ್ಲ."
ರಮೋನಾ ಪೆನ್ನು ಮುಂದೆ ಹಿಡಿದಳು, ಕೈ ನಡುಗುತ್ತಿತ್ತು.
ಓರಾಲಿಯಾ ಪೆನ್ನು ನೋಡಿದಳು.
"ಡೆಲ್ಫಿನೊಗೆ ಹದಿನೇಳು. ಊರು ಈಗ ಅವನನ್ನು ಒಳ್ಳೆಯ ಹುಡುಗ ಅನ್ನುತ್ತದೆ.
ನನಗೆ ಉಳಿದಿರುವುದು ಅದೊಂದೇ."
ಒದ್ದೆ ಬಟ್ಟೆ ಹಾಗೇ ಚೀಲಕ್ಕೆ ತುರುಕಿ ಹೋದಳು.
ಬಾಗಿಲವರೆಗೂ ನೀರಿನ ಸಾಲು.

ನಾನು ಅಲ್ಲೇ ಚಾದರ ಮಡಚುತ್ತಿದ್ದೆ.
ಯಂತ್ರ ಮನೆಯಲ್ಲಿತ್ತು.
ಆರು ರಾತ್ರಿ ನಿದ್ದೆಗೆಟ್ಟು ಏಳನೆಯ ಬೆಳಿಗ್ಗೆ
ಅವನ ವಕೀಲನ ಮನೆಯ ಗಂಟೆ ಒತ್ತಿದೆ.
ಅಭಿಪ್ರಾಯವಲ್ಲ ಇದು, ಕೇಳಿಸಿಕೊಂಡದ್ದು, ಅಂದೆ.
ಏಳು ಮಂದಿ ನಕ್ಕಿದ್ದರೆಂಬುದನ್ನೂ ಹೇಳಿದೆ.
ಕೆಲಸ ಹೋಗಬಹುದು. ಹೋಗಲಿ.

ಇವತ್ತು ಒಂಬತ್ತಕ್ಕೆ ವಿಚಾರಣೆ.
ನನ್ನ ಜಾಗದಲ್ಲಿ ಬೇರೊಬ್ಬ ಹುಡುಗಿ
ಬೆರಳು ಚಟಪಟ ಮುರಿಯುತ್ತಾ ಕೂತಿದ್ದಾಳೆ.
ನಾನು ಸಾಕ್ಷಿಗಳ ಬೆಂಚಿನಲ್ಲಿ; ಇಲ್ಲಿಂದ ಕೋಣೆ
ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.
ಎಲಿಸೆಯೊನನ್ನು ಕರೆತಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿದ.
ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ,
ಓರಾಲಿಯಾ ಬಂದು ಕೂತಿದ್ದಾಳೆ.
ಕೋಟು ಇನ್ನೂ ಬಿಚ್ಚಿಲ್ಲ.